ಬಟರ್‌ಫೀಲ್ಡ್ ಟಪಾಲು ದಾರಿ ಅಷ್ಟು ಸುತ್ತು ಹಾಕಿ ಮರುಭೂಮಿಗೇ ಯಾಕೆ ಹೋಯಿತು?

ಟೂಸಾನ್ ವಾಸಿ
ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಮನೆಯವರೆಲ್ಲ ಸೇರಿ ಅರಿಜೋನದ ಅಪಾಚೆ ಪಾಸ್ ಅನ್ನುವ ಕಣಿವೆದಾರಿಗೆ ಹೋಗಿದ್ದೆವು. ಟೂಸಾನ್‌ನಿಂದ ಐ-10 ಹೆದ್ದಾರಿ ಹಿಡಿದು ಪೂರ್ವಕ್ಕೆ ಹೋಗಿ, ಆಮೇಲೆ ಬೆಟ್ಟದ ಕಡೆ ತಿರುಗಬೇಕು. ಕಾರು ನಿಲ್ಲಿಸಿ ಒಂದೂವರೆ ಮೈಲಿ ನಡೆದರೆ ಫೋರ್ಟ್ ಬೋವಿ. ನಾನು ಕೋಟೆ ನೋಡೋಣ ಅಂತ ಹೊರಟವನು. ಆದರೆ ಅದಕ್ಕಿಂತ ಮೊದಲೇ, ದಾರಿ ಪಕ್ಕದಲ್ಲಿ ಒಂದು ಕಲ್ಲಿನ ಪಾಯ ಸಿಕ್ಕಿತು. ಸಣ್ಣದು, ನೆಲದಿಂದ ಸ್ವಲ್ಪ ಮೇಲೆದ್ದ ಸಾಲುಗಲ್ಲುಗಳು ಅಷ್ಟೇ. ಬಟರ್‌ಫೀಲ್ಡ್ ಓವರ್‌ಲ್ಯಾಂಡ್ ಮೇಲ್ ಕಂಪನಿಯವರು ಕುದುರೆ, ಹೇಸರಗತ್ತೆ ಬದಲಿಸುತ್ತಿದ್ದ ಸ್ಟೇಷನ್ ಅದು. 1858ರದ್ದು. ಮಗಳು ಆ ಕಲ್ಲಿನ ಮೇಲೆ ಕೂತು ಬಾಟಲಿ ನೀರು ಕುಡಿದಳು. ಇನ್ನೂ ಸ್ವಲ್ಪ ಮುಂದೆ ಅಪಾಚೆ ಸ್ಪ್ರಿಂಗ್ ಇದೆ. ಆ ಬಿಸಿಲಲ್ಲಿ ಕಲ್ಲಿನ ಸಂದಿಯಿಂದ ಸಣ್ಣಗೆ ನೀರು ಜಿನುಗುವ ಸದ್ದು ಕೇಳಿದಾಗ ನಾನು ಅಲ್ಲೇ ನಿಂತುಬಿಟ್ಟೆ.

ಮನೆಗೆ ಬಂದು ನಕ್ಷೆ ತೆಗೆದೆ. ಸೇಂಟ್ ಲೂಯಿಸ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಕಾಗದ ಹೋಗಬೇಕು. ನೇರ ಪಶ್ಚಿಮಕ್ಕೆ ಹೋಗಬಹುದಿತ್ತು. ಬದಲಿಗೆ ದಕ್ಷಿಣಕ್ಕಿಳಿದು ಅರ್ಕನ್ಸಾ, ಟೆಕ್ಸಸ್ ದಾಟಿ, ಎಲ್ ಪಾಸೊ, ಟೂಸಾನ್, ಯೂಮಾ ಸುತ್ತಿ, ಲಾಸ್ ಏಂಜಲೀಸ್‌ನಿಂದ ಮತ್ತೆ ಉತ್ತರಕ್ಕೆ ಹತ್ತಿದ್ದಾರೆ. ಒಟ್ಟು ಸುಮಾರು 2,800 ಮೈಲಿ! ನೀರೇ ಇಲ್ಲದ ಕಡೆ ಇಷ್ಟು ದೂರ ಯಾಕೆ ಹೋದರು? ಗೊತ್ತಿದ್ದವರು ಹೇಳಿ.

ನಕ್ಷೆಪ್ರಿಯೆ
ರಾಜಕೀಯ, ಬೇರೇನಲ್ಲ. 1857ರಲ್ಲಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, ಕಾನೂನು ಮಾಡಿತು. ದಾರಿ ಯಾವುದು ಅನ್ನುವ ತೀರ್ಮಾನ ಪೋಸ್ಟ್‌ಮಾಸ್ಟರ್ ಜನರಲ್ ಏರನ್ ಬ್ರೌನ್ ಕೈಯಲ್ಲಿತ್ತು. ಆತ ಟೆನೆಸಿಯವನು. ಟೆನೆಸಿಯ ಮೆಂಫಿಸ್ ಊರು ಈ ದಾರಿಯ ಎರಡನೇ ಆರಂಭದ ಊರಾಯಿತು. ಸೇಂಟ್ ಲೂಯಿಸ್‌ದು ಒಂದು ಕವಲು, ಮೆಂಫಿಸ್‌ದು ಇನ್ನೊಂದು, ಎರಡೂ ಫೋರ್ಟ್ ಸ್ಮಿತ್‌ನಲ್ಲಿ ಸೇರುತ್ತಿದ್ದವು. ಟಪಾಲು ಗಾಡಿ ಹೋದ ಕಡೆ ನಾಳೆ ರೈಲು ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳಿಗೆ ಆ ರೈಲು ಬೇಕಿತ್ತು. ಉತ್ತರದ ಪತ್ರಿಕೆಗಳು ಆಗಲೇ ಇದನ್ನು ಬೈದಿದ್ದವು. ನೊಗದಿಂದ ಎತ್ತಿನ ಕೊರಳ ಕೆಳಗೆ ಬಾಗಿ ಬರುವ ಕಟ್ಟಿಗೆ ಇರುತ್ತಲ್ಲ, ಆ ಆಕಾರದ ದಾರಿ ಅಂತಲೇ ಹೆಸರಿಟ್ಟಿದ್ದರು.

ನಿವೃತ್ತ ಮೇಷ್ಟ್ರು
ಮೇಡಂ, ರಾಜಕೀಯ ಇತ್ತು, ಒಪ್ಪುತ್ತೇನೆ. ಆದರೆ "ಬೇರೇನಲ್ಲ" ಅನ್ನುವುದು ಸರಿಯಲ್ಲ. ಮಧ್ಯದ ದಾರಿಯಲ್ಲಿ ರಾಕಿ ಪರ್ವತ, ಸಿಯೆರಾ ನೆವಾಡ ಎರಡೂ ಅಡ್ಡ ಬರುತ್ತವೆ. ಚಳಿಗಾಲದಲ್ಲಿ ಆಳೆತ್ತರ ಹಿಮ. ಒಪ್ಪಂದ ಏನಿತ್ತು ನೋಡಿ: ವಾರಕ್ಕೆ ಎರಡು ಸಲ, ಎರಡೂ ದಿಕ್ಕಿನಿಂದ, 25 ದಿನದ ಒಳಗೆ, ವರ್ಷವಿಡೀ. ದಕ್ಷಿಣದಲ್ಲಿ ಹಿಮದ ಕಾಟ ಇಲ್ಲ.

ಇನ್ನೊಂದು ವಿಷಯ. ಆ ದಾರಿ ಹೊಸದಾಗಿ ಕಡಿದದ್ದಲ್ಲ. 1846-47ರಲ್ಲಿ ಫಿಲಿಪ್ ಕುಕ್ ಅನ್ನುವ ಸೇನಾಧಿಕಾರಿ ಮಾರ್ಮನ್ ಬೆಟಾಲಿಯನ್ (ಮಾರ್ಮನ್ ಪಂಥದವರ ಸೇನಾದಳ) ಕರೆದುಕೊಂಡು ಅಲ್ಲಿ ಗಾಡಿದಾರಿ ಮಾಡಿದ್ದ. ಆಮೇಲೆ ಅಮೆರಿಕ ಮೆಕ್ಸಿಕೊಗೆ 1 ಕೋಟಿ ಡಾಲರ್ ಕೊಟ್ಟು ಈಗಿನ ಅರಿಜೋನದ ದಕ್ಷಿಣ ಭಾಗ ಕೊಂಡುಕೊಂಡಿತು, ಅದೇ ಗ್ಯಾಡ್ಸ್‌ಡನ್ ಖರೀದಿ. ಟೂಸಾನ್ ಅದರೊಳಗೇ ಬರುತ್ತದೆ. ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಕ್ಕೆ ಹೊರಟವರೂ ಸಾವಿರಾರು ಜನ ಅಲ್ಲಿ ಹಾದುಹೋಗಿದ್ದರು.

ನಕ್ಷೆಪ್ರಿಯೆ
ಸರ್, ಹಿಮ ಅಷ್ಟೊಂದು ತಡೆಯಾಗಿದ್ದರೆ ಪೋನಿ ಎಕ್ಸ್‌ಪ್ರೆಸ್ 1860-61ರ ಚಳಿಗಾಲದಲ್ಲಿ ಅದೇ ಮಧ್ಯದ ದಾರಿಯಲ್ಲಿ ಹೇಗೆ ಓಡಿತು?

ನಿವೃತ್ತ ಮೇಷ್ಟ್ರು
ಒಬ್ಬ ಸವಾರ, ಒಂದು ಕುದುರೆ, ಒಂದು ಚೀಲ ಕಾಗದ. ಅದು ಬೇರೆ. ಒಂಬತ್ತು ಜನ ಕೂತ ಸಾರೋಟನ್ನು ಹಿಮದಲ್ಲಿ ಎಳೆಯುವುದು ಬೇರೆ.

ಬಾಗಲಕೋಟೆ ಹುಡುಗ
ಒಂದ್ನಿಮಿಷ, ಪೋನಿ ಎಕ್ಸ್‌ಪ್ರೆಸ್ ಇದೇ ಕಂಪನಿದಲ್ವಾ? ನಾನು ಎರಡೂ ಒಂದೇ ಅಂದ್ಕೊಂಡಿದ್ದೆ.

ಅಂಚೆಚೀಟಿ ಸಂಗ್ರಾಹಕ
ಅಲ್ಲ. ತುಂಬಾ ಜನ ಹೀಗೇ ತಿಳಿದಿದ್ದಾರೆ. ಪೋನಿ ಎಕ್ಸ್‌ಪ್ರೆಸ್ ಶುರುವಾಗಿದ್ದು 1860ರ ಏಪ್ರಿಲ್‌ನಲ್ಲಿ. ಮಿಸೌರಿಯ ಸೇಂಟ್ ಜೋಸೆಫ್‌ನಿಂದ ಸ್ಯಾಕ್ರಮೆಂಟೊಗೆ, ಸುಮಾರು ಹತ್ತು ದಿನ. ಶುರುವಿನಲ್ಲಿ ಅರ್ಧ ಔನ್ಸ್ ಕಾಗದಕ್ಕೆ 5 ಡಾಲರ್. ತಂತಿ ಬಂದ ಮೇಲೆ 1861ರ ಅಕ್ಟೋಬರ್‌ನಲ್ಲಿ ನಿಂತಿತು. ಬಟರ್‌ಫೀಲ್ಡ್ ದಾರಿ ಅದಕ್ಕಿಂತ ಮೊದಲಿನದು, 1858ರ ಸೆಪ್ಟೆಂಬರ್‌ನಿಂದ 1861ರ ಮಾರ್ಚ್‌ವರೆಗೆ. ಕಾಗದಕ್ಕೆ 10 ಸೆಂಟ್. ಸಾಮಾನ್ಯ ಜನ ಬರೆದದ್ದು ಇದರಲ್ಲಿ.

ನನ್ನ ಹವ್ಯಾಸದ ಒಂದು ವಿಷಯ ಹೇಳಲೇ? ಮೊದಲ ವರ್ಷ ಕ್ಯಾಲಿಫೋರ್ನಿಯದ ಟಪಾಲು ಸುಮ್ಮನೆ ಹಾಕಿದರೆ ಹಡಗಿನಲ್ಲಿ, ಪನಾಮದ ಮೇಲೆ ಹೋಗುತ್ತಿತ್ತು. ಸಾರೋಟಿನಲ್ಲಿ ಹೋಗಬೇಕು ಅಂದರೆ ಬರೆದವರೇ ಲಕೋಟೆಯ ಮೇಲೆ "ಓವರ್‌ಲ್ಯಾಂಡ್, ಲಾಸ್ ಏಂಜಲೀಸ್ ಮಾರ್ಗ" ಅಂತ ಕೈಯಲ್ಲಿ ಬರೆಯಬೇಕಿತ್ತು. ಒಂದು ಪ್ರದರ್ಶನದಲ್ಲಿ ಅಂಥ ಲಕೋಟೆ ಗಾಜಿನ ಕೆಳಗೆ ಇಟ್ಟಿದ್ದರು. ಶಾಯಿ ಕಂದಾಗಿತ್ತು. ಮೂಲೆಯಲ್ಲಿ ಎರಡು ಸಲ ಗೆರೆ ಎಳೆದಿದ್ದರು, ಗುಮಾಸ್ತನ ಕಣ್ಣು ತಪ್ಪಬಾರದು ಅಂತ. ನಾನು ಅದರ ಮುಂದೆ ಅರ್ಧ ಗಂಟೆ ನಿಂತಿದ್ದೆ.

ಹಾಸನದ ಅಕ್ಕ, ಡಲ್ಲಾಸ್
ಜನ ಕೂರುತ್ತಿದ್ದರಾ ಅದರಲ್ಲಿ? 25 ದಿನ? ಮಕ್ಕಳು ಮರಿ ಕಟ್ಟಿಕೊಂಡು?

ಅಂಚೆಚೀಟಿ ಸಂಗ್ರಾಹಕ
ಕೂರುತ್ತಿದ್ದರು ಅಕ್ಕ. ಪೂರ್ತಿ ಪ್ರಯಾಣಕ್ಕೆ 200 ಡಾಲರ್, ಸಾಮಾನು 40 ಪೌಂಡ್‌ವರೆಗೆ. ಪಶ್ಚಿಮಕ್ಕೆ ಹೋದ ಮೊದಲ ಗಾಡಿಯಲ್ಲಿ ಕೊನೆತನಕ ಕೂತವನು ಒಬ್ಬನೇ: ವಾಟರ್‌ಮನ್ ಆರ್ಮ್ಸ್‌ಬಿ, ನ್ಯೂಯಾರ್ಕ್ ಹೆರಾಲ್ಡ್ ಪತ್ರಿಕೆಯ ವರದಿಗಾರ, ವಯಸ್ಸು 23. 1858ರ ಸೆಪ್ಟೆಂಬರ್ 16ಕ್ಕೆ ಸೇಂಟ್ ಲೂಯಿಸ್ ಬಿಟ್ಟ. ಟಿಪ್ಟನ್‌ವರೆಗೆ ರೈಲು, ಅಲ್ಲಿಂದ ಗಾಡಿ. ಫೋರ್ಟ್ ಸ್ಮಿತ್‌ವರೆಗೆ ಜಾನ್ ಬಟರ್‌ಫೀಲ್ಡ್ ತಾನೇ ಜೊತೆಗೆ ಬಂದ. ಅಕ್ಟೋಬರ್ 10ಕ್ಕೆ ಸ್ಯಾನ್ ಫ್ರಾನ್ಸಿಸ್ಕೊ. 24 ದಿನ ತುಂಬಲು ಇನ್ನೂ ಅರ್ಧ ಗಂಟೆಯಷ್ಟು ಬಾಕಿ ಇತ್ತು. ರಾತ್ರಿ ತಂಗುವುದು ಅನ್ನುವ ಮಾತೇ ಇಲ್ಲ. ಹಗಲೂ ರಾತ್ರಿ ಓಟ. ಪ್ರಾಣಿ ಬದಲಿಸುವ ಹೊತ್ತಿನಲ್ಲಿ ಒಣಗಿಸಿದ ಮಾಂಸ, ಬೀನ್ಸ್, ರೊಟ್ಟಿ, ಹಾಲಿಲ್ಲದ ಕಾಫಿ.

ಮಂಡ್ಯ ಟು ಮೇಸಾ
ಸಿನಿಮಾದಲ್ಲಿ ತೋರಿಸೋ ಆ ಕೆಂಪು ಸಾರೋಟು ಮರುಭೂಮಿಯಲ್ಲಿ ಓಡುತ್ತಿರಲಿಲ್ಲ ಅಂತ ಎಲ್ಲೋ ಓದಿದ ನೆನಪು. ನಿಜವಾ?

ಗಾಡಿ ಮೆಕ್ಯಾನಿಕ್
ಬಹುಪಾಲು ನಿಜ. ಅದು ಕಾಂಕಾರ್ಡ್ ಸಾರೋಟು. ನ್ಯೂ ಹ್ಯಾಂಪ್‌ಶೈರ್‌ನ ಕಾಂಕಾರ್ಡ್ ಊರಲ್ಲಿ ಮಾಡುತ್ತಿದ್ದರು. ಭಾರ ಜಾಸ್ತಿ. ಎತ್ತರವೂ ಜಾಸ್ತಿ, ಅದಕ್ಕೇ ಒರಟು ದಾರಿಯಲ್ಲಿ ಮಗುಚುವ ಭಯ. ದಾರಿ ಚೆನ್ನಾಗಿದ್ದ ಎರಡು ತುದಿಗಳಲ್ಲಿ ಮಾತ್ರ ಓಡುತ್ತಿತ್ತು. ನಡುವಿನ ಒರಟು ದಾರಿಗೆ ಸೆಲೆರಿಟಿ ವ್ಯಾಗನ್ ಅಂತ ಬೇರೆ ಗಾಡಿ. ತಗ್ಗು, ಹಗುರ, ಮೇಲೆ ಕ್ಯಾನ್ವಾಸ್ ಬಟ್ಟೆ. ಸೀಟಿನ ಬೆನ್ನು ಮಡಚಿ ಹಾಸಿಗೆ ಮಾಡಬಹುದಿತ್ತು.

ಎರಡಕ್ಕೂ ಸ್ಪ್ರಿಂಗ್ ಇಲ್ಲ. ಗಾಡಿಯ ಮೈ ದಪ್ಪ ತೊಗಲು ಪಟ್ಟಿಗಳ ಮೇಲೆ ತೂಗಾಡುತ್ತದೆ. ಒಂದು ಮ್ಯೂಸಿಯಂನಲ್ಲಿ ಹತ್ತಿ ಕೂರಲು ಬಿಟ್ಟಿದ್ದರು. ತೊಗಲನ್ನು ಪದರ ಪದರವಾಗಿ ಹೊಲಿದು ಅಂಗೈಗಿಂತ ಅಗಲ ಮಾಡಿದ್ದಾರೆ. ಕೂತ ಕೂಡಲೇ ಗಾಡಿ ತೊಟ್ಟಿಲ ಹಾಗೆ ಹಿಂದೆ ಮುಂದೆ ತೂಗಿತು. ಕಬ್ಬಿಣದ ಸ್ಪ್ರಿಂಗ್ ಆಗಿದ್ದರೆ ಮುರಿದಾಗ ಸರಿಮಾಡಲು ಕುಲುಮೆ ಬೇಕು. ತೊಗಲು ಹರಿದರೆ ದಾರಿಯಲ್ಲೇ ಕಟ್ಟಿ ಮುಂದೆ ಹೋಗಬಹುದು. ಎಳೆಯುವ ಪ್ರಾಣಿಗಳ ಮೇಲೂ ಜರ್ಕ್ ಕಡಿಮೆ. ಮಾಡಿದವರ ತಲೆಗೆ ಕೈ ಮುಗಿಯಬೇಕು.

ಎಲ್ ಪಾಸೊ ಕನ್ನಡತಿ
ನನಗೆ ಈ ದಾರಿಯ ಟೆಕ್ಸಸ್ ಭಾಗ ಗೊತ್ತು. ಗ್ವಾಡಲೂಪೆ ಬೆಟ್ಟದ ನ್ಯಾಷನಲ್ ಪಾರ್ಕ್‌ನಲ್ಲಿ ಪೈನರಿ ಸ್ಟೇಷನ್ ಅಂತ ಇದೆ. ಸುಣ್ಣಕಲ್ಲಿನ ಗೋಡೆ ಇನ್ನೂ ಸ್ವಲ್ಪ ನಿಂತಿದೆ. ಇದರ ಆಸುಪಾಸಿನಲ್ಲೇ 1858ರ ಸೆಪ್ಟೆಂಬರ್ 28ಕ್ಕೆ ಪೂರ್ವದಿಂದ ಬಂದ ಮೊದಲ ಗಾಡಿ, ಪಶ್ಚಿಮದಿಂದ ಬಂದ ಮೊದಲ ಗಾಡಿ ಎದುರುಬದುರಾದವು. ಮರುವರ್ಷವೇ ದಾರಿಯನ್ನು ದಕ್ಷಿಣಕ್ಕೆ, ಫೋರ್ಟ್ ಡೇವಿಸ್ ಕಡೆ ತಿರುಗಿಸಿದರು. ಅಲ್ಲಿ ನೀರು ಚೆನ್ನಾಗಿತ್ತು, ಸೈನ್ಯದ ಕಾವಲೂ ಇತ್ತು. ಪೈನರಿ ಪಾಳುಬಿತ್ತು.

ಅದಕ್ಕೂ ಪೂರ್ವಕ್ಕೆ ಪೆಕೋಸ್ ನದಿ ದಾಟುವ ಜಾಗ ಇದೆ, ಹಾರ್ಸ್‌ಹೆಡ್ ಕ್ರಾಸಿಂಗ್. ಕಾಂಚೊ ನದಿ ಬಿಟ್ಟ ಮೇಲೆ ಸುಮಾರು 75 ಮೈಲಿ ಒಂದು ಹನಿ ಇಲ್ಲ. ಬಾಯಾರಿ ಬಂದ ದನ, ಕುದುರೆ ಪೆಕೋಸ್‌ನ ಉಪ್ಪುನೀರು ಹೊಟ್ಟೆತುಂಬ ಕುಡಿದು ಅಲ್ಲೇ ಸಾಯುತ್ತಿದ್ದವು. ಆ ತಲೆಬುರುಡೆಗಳಿಂದಲೇ ಹೆಸರು ಬಂದದ್ದು. ಇದನ್ನು ಓದಿದ ಮೇಲೆ ನಕ್ಷೆಯ ಗೆರೆ ನೋಡುವ ನನ್ನ ಕಣ್ಣೇ ಬದಲಾಯಿತು. ಮೂಲ ಪ್ರಶ್ನೆಯಲ್ಲಿ "ನೀರೇ ಇಲ್ಲದ ಕಡೆ" ಅಂದಿದ್ದೀರಿ. ಅದು ಉಲ್ಟಾ ಸರ್. ಆ ಗೆರೆ ಒಂದು ನೀರಿನಿಂದ ಇನ್ನೊಂದು ನೀರಿಗೆ ಹಾಕಿದ್ದು. ಸುತ್ತು ಯಾಕೆ ಅಂದರೆ ಒರತೆ ಇದ್ದದ್ದು ಅಲ್ಲಿ.

ನಿವೃತ್ತ ಮೇಷ್ಟ್ರು
ಇದು ಸರಿಯಾದ ಮಾತು. ಸ್ಟೇಷನ್ ಹೆಸರುಗಳನ್ನೇ ನೋಡಿ. ಕುಕ್ಸ್ ಸ್ಪ್ರಿಂಗ್, ಡ್ರಾಗೂನ್ ಸ್ಪ್ರಿಂಗ್ಸ್, ಮರಿಕೋಪ ವೆಲ್ಸ್. ಎಲ್ಲದರಲ್ಲೂ ಒರತೆ, ಬಾವಿ.

ಬಾಗಲಕೋಟೆ ಹುಡುಗ
ಡ್ರಾಗೂನ್ ಸ್ಪ್ರಿಂಗ್ಸ್‌ಗೆ ನಾನು ಹೋಗಿದ್ದೀನಿ! ಗೋಡೆ ಇದೆ, ಪಕ್ಕದಲ್ಲಿ ಕಲ್ಲು ಗುಡ್ಡೆ ಹಾಕಿದ ಸಮಾಧಿಗಳಿವೆ. ಅಲ್ಲಿ ಕೊಲೆಯಾದ ಸ್ಟೇಷನ್ ಕೆಲಸಗಾರರದ್ದು.

ಮಂಡ್ಯ ಟು ಮೇಸಾ
ಸಮಾಧಿ ಅವರದ್ದಲ್ಲ ಗುರು. ಅವು ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, 1862ರ ಮೇ ತಿಂಗಳಲ್ಲಿ, ಅಲ್ಲಿನ ಮೂಲನಿವಾಸಿ ಅಪಾಚೆಗಳ ಜೊತೆ ಕಾದಾಟದಲ್ಲಿ ಸತ್ತ ದಕ್ಷಿಣದ ರಾಜ್ಯಗಳ ಪಡೆಯವರದ್ದು. ಸ್ಟೇಷನ್ ಕೊಲೆ ನಡೆದದ್ದು 1858ರ ಸೆಪ್ಟೆಂಬರ್‌ನಲ್ಲಿ, ಮೊದಲ ಗಾಡಿ ಬರುವ ಮುಂಚೆ. ಗೋಡೆ ಕಟ್ಟುತ್ತಿದ್ದವರಲ್ಲೇ ಮೂವರು ರಾತ್ರಿ ಎದ್ದು, ಮಲಗಿದ್ದ ಜೊತೆಗಾರರ ಮೇಲೆ ಕೊಡಲಿ ಬೀಸಿದರು. ಮೂರು ಜನ ಸತ್ತರು. ಸೈಲಸ್ ಸೇಂಟ್ ಜಾನ್ ಅನ್ನುವವನು ಒಂದು ತೋಳು ತುಂಡಾಗುವಷ್ಟು ಗಾಯವಾಗಿ ಉಳಿದ. ನೀರಿಲ್ಲ, ಜೊತೆಗೆ ಯಾರೂ ಇಲ್ಲ. ಒರತೆ ಹತ್ತಿರದಲ್ಲೇ ಇತ್ತು, ಆದರೆ ಎದ್ದು ಹೋಗಲು ಆಗಲಿಲ್ಲ. ದಿನಗಟ್ಟಲೆ ಹಾಗೇ ಬಿದ್ದಿದ್ದ. ದಾರಿಹೋಕರು ಬಂದು ಕಾಪಾಡಿದರು. ಫೋರ್ಟ್ ಬ್ಯುಕ್ಯಾನನ್‌ನಿಂದ ಬಂದ ಸೇನೆಯ ವೈದ್ಯ ತೋಳು ತೆಗೆದ. ಆ ಮನುಷ್ಯ ಬದುಕಿದ.

ಹಾಸನದ ಅಕ್ಕ, ಡಲ್ಲಾಸ್
ಅಯ್ಯೋ ದೇವರೇ. ನೀರಿನ ಪಕ್ಕದಲ್ಲೇ ಬಾಯಾರಿಕೆ.

ಸ್ಯಾನ್ ಡಿಯಾಗೊ ಟ್ರೆಕ್ಕರ್
ಕ್ಯಾಲಿಫೋರ್ನಿಯ ಕಡೆಯದು ನಾನು ಹೇಳುತ್ತೇನೆ. ಯೂಮಾ ದಾಟಿದರೆ ಆಲ್ಗೊಡೋನ್ಸ್ ಮರಳುದಿಬ್ಬ. ಗಾಡಿ ಅಲ್ಲಿ ಸಾಧ್ಯವೇ ಇಲ್ಲ. ಅದಕ್ಕೆ ದಕ್ಷಿಣಕ್ಕೆ ಬಳಸಿ ಮೆಕ್ಸಿಕೊ ನೆಲದ ಮೇಲೆ ಹೋಗಿ ಮತ್ತೆ ಒಳಗೆ ಬರುತ್ತಿದ್ದರು. ಅಮೆರಿಕದ ಟಪಾಲು, ಪಕ್ಕದ ದೇಶದ ದಾರಿ!

ಆಮೇಲೆ ಕರೀಸೊ, ವಯೆಸೀಟೊ. ವಯೆಸೀಟೊ ಸ್ಟೇಷನ್ ಈಗ ಕೌಂಟಿ ಪಾರ್ಕ್. ಹುಲ್ಲುಹೆಂಟೆಯ ಗೋಡೆಯ ಮನೆ, ಬಿದ್ದುಹೋಗಿದ್ದನ್ನು 1934ರಲ್ಲಿ ಮತ್ತೆ ಕಟ್ಟಿದ್ದು. ಅದರ ಮುಂದೆ ಒಂದು ಏರು ಇದೆ, ಫುಟ್ ಅಂಡ್ ವಾಕರ್ ಪಾಸ್. ಪ್ರಯಾಣಿಕರು ಇಳಿದು ನಡೆಯಬೇಕಿತ್ತು, ಕೆಲವು ಸಲ ಗಾಡಿ ತಳ್ಳಬೇಕಿತ್ತು. ಅದೇ ಸಾಲಿನಲ್ಲಿ ಬಾಕ್ಸ್ ಕ್ಯಾನಿಯನ್. 1847ರ ಜನವರಿಯಲ್ಲಿ ಮಾರ್ಮನ್ ಬೆಟಾಲಿಯನ್‌ನವರು ಗಾಡಿ ಹಿಡಿಸಲು ಕಲ್ಲನ್ನು ಕೊಡಲಿಯಿಂದ ಕಡಿದ ಜಾಗ. ನಾನು ಎರಡೂ ಕೈ ಚಾಚಿ ನಿಂತು ಅಳತೆ ನೋಡಿದೆ. ಗಾಡಿ ಇಲ್ಲಿಂದ ಹೇಗೆ ನುಸುಳಿತು ಅಂತ ಇವತ್ತಿಗೂ ಆಶ್ಚರ್ಯ.

ಮತ್ತೆ, ಬಟರ್‌ಫೀಲ್ಡ್‌ಗಿಂತ ಮೊದಲೇ ಇಲ್ಲಿ ಟಪಾಲು ಓಡಿತ್ತು. 1857ರ ಸ್ಯಾನ್ ಆಂಟೋನಿಯೊ–ಸ್ಯಾನ್ ಡಿಯಾಗೊ ಲೈನ್. ಮರಳಿನ ಭಾಗದಲ್ಲಿ ಪ್ರಯಾಣಿಕರು ಹೇಸರಗತ್ತೆ ಹತ್ತಿ ಹೋಗಬೇಕಿತ್ತು. ಅದಕ್ಕೆ ಜನ ಅದನ್ನು ಕತ್ತೆ ಟಪಾಲು ಅಂತ ಕರೆದರು. ಅದನ್ನು ಶುರುಮಾಡಿದ ಜೇಮ್ಸ್ ಬರ್ಚ್ ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸೆಂಟ್ರಲ್ ಅಮೆರಿಕ ಹಡಗು ಮುಳುಗಿ ತೀರಿಕೊಂಡ. ಸಮುದ್ರದ ದಾರಿಗೆ ಬದಲಾಗಿ ನೆಲದ ದಾರಿ ಕೊಡಲು ಹೊರಟ ಮನುಷ್ಯ.

ಮಂಡ್ಯ ಟು ಮೇಸಾ
ಒಂಟೆಗಳೂ ಇದ್ದವು ಅಂತಾರಲ್ಲ? ಕ್ವಾರ್ಟ್ಸೈಟ್ ಊರಲ್ಲಿ ಒಂಟೆಯವನ ಸಮಾಧಿ ನೋಡಿದ್ದೀನಿ, ಪಿರಮಿಡ್ ಥರ ಇದೆ.

ನಿವೃತ್ತ ಮೇಷ್ಟ್ರು
ಅದು ಸೈನ್ಯದ ಪ್ರಯೋಗ. 1856-57ರಲ್ಲಿ ಟೆಕ್ಸಸ್‌ಗೆ ಒಂಟೆ ತರಿಸಿದರು. ಹಾಜಿ ಅಲಿ ಅವುಗಳ ಜೊತೆ ಬಂದವನು. ಜನರ ಬಾಯಲ್ಲಿ ಹೈ ಜಾಲಿ ಆದ. ಬಟರ್‌ಫೀಲ್ಡ್ ಸಾರೋಟಿಗೂ ಆ ಒಂಟೆಗಳಿಗೂ ಸಂಬಂಧ ಇಲ್ಲ.

ಮೈಸೂರು ಹಳಬ
ಇದನ್ನೆಲ್ಲ ಓದುತ್ತಾ ನಮ್ಮ ಮೈಸೂರು ಅಂಚೆ ನೆನಪಾಯಿತು. ಚಿಕ್ಕದೇವರಾಜ ಒಡೆಯರ ಕಾಲದ್ದು. ಓಟಗಾರರು ಸರದಿಯ ಮೇಲೆ ಚೀಲ ಹೊತ್ತು ಓಡುತ್ತಿದ್ದರು. ಬ್ರಿಟಿಷರ ಅಂಚೆಗೆ ಸೇರಿದ್ದು 1889ರಲ್ಲಿ.

ನಕ್ಷೆಪ್ರಿಯೆ
ಅದಕ್ಕೆ ಬೇರೆ ಚರ್ಚೆ ಶುರುಮಾಡಿ ಸರ್, ನಾನೂ ಬರುತ್ತೇನೆ. ಇಲ್ಲಿ ಹಣದ ಮಾತು ಉಳಿದಿದೆ. ಸರ್ಕಾರ ವರ್ಷಕ್ಕೆ 6 ಲಕ್ಷ ಡಾಲರ್ ಕೊಟ್ಟಿತು. ಮೊದಲ ವರ್ಷ ಆ ಟಪಾಲಿನಿಂದ ಬಂದ ಆದಾಯ 30 ಸಾವಿರ ಡಾಲರ್ ಕೂಡ ಮುಟ್ಟಲಿಲ್ಲ. ಇದನ್ನು ರಾಜಕೀಯ ಅನ್ನದೆ ಏನನ್ನಲಿ?

ಅಂಚೆಚೀಟಿ ಸಂಗ್ರಾಹಕ
ಮೇಡಂ, ಅಂಚೆಯನ್ನು ಲಾಭದಿಂದ ಅಳೆಯಬಾರದು. ಮನೆಯವರ ಸುದ್ದಿ ತಿಂಗಳುಗಟ್ಟಲೆ ಕಾಯುತ್ತಿದ್ದ ಜನ ಅವರು. ವಾರಕ್ಕೆ ಎರಡು ಸಲ ಕಾಗದ ಬರುತ್ತದೆ ಅನ್ನುವ ಭರವಸೆಗೆ ಬೆಲೆ ಇಲ್ಲವಾ?

ಬಾಗಲಕೋಟೆ ಹುಡುಗ
ಇದನ್ನ ನಡೆಸಿದ್ದು ಆ ಬ್ಯಾಂಕಿನ ವೆಲ್ಸ್ ಫಾರ್ಗೊ ಕಂಪನಿ ತಾನೇ? ದರೋಡೆಕೋರರು ಚಿನ್ನದ ಪೆಟ್ಟಿಗೆ ಹೊಡೀತಿದ್ರಲ್ಲ.

ಗಾಡಿ ಮೆಕ್ಯಾನಿಕ್
ಎರಡೂ ತಪ್ಪು ತಮ್ಮಾ. ವೆಲ್ಸ್ ಫಾರ್ಗೊ ಸಾಲ ಕೊಟ್ಟಿತ್ತು. ಸಾಲ ಬೆಳೆದು 1860ರಲ್ಲಿ ಬಟರ್‌ಫೀಲ್ಡ್‌ನನ್ನೇ ಅಧ್ಯಕ್ಷ ಸ್ಥಾನದಿಂದ ಇಳಿಸಿದರು. ಆದರೆ ಗಾಡಿ ಓಡಿಸಿದ್ದು ಓವರ್‌ಲ್ಯಾಂಡ್ ಮೇಲ್ ಕಂಪನಿ. ಇನ್ನು ಚಿನ್ನ, ಹಣ, ಒಡವೆ ಯಾವುದನ್ನೂ ಸಾಗಿಸಬಾರದು ಅಂತ ನೌಕರರಿಗೆ ಕಟ್ಟಾಜ್ಞೆ ಇತ್ತು. ಕಾಗದ ಮತ್ತು ಜನ, ಅಷ್ಟೇ.

ಫೀನಿಕ್ಸ್ ರೈತನ ಮಗ
ಎಲ್ಲರೂ ಕಂಪನಿ, ಗಾಡಿ, ಸರ್ಕಾರ ಅಂತಲೇ ಬರೆದಿದ್ದೀರಿ. ಎಲ್ ಪಾಸೊ ಅವರು ನೀರಿನ ಮಾತು ತೆಗೆದರು, ನನಗೆ ಖುಷಿಯಾಯಿತು. ಆದರೆ ಆ ನೀರು ಯಾರದು ಅಂತ ಒಬ್ಬರೂ ಕೇಳಲಿಲ್ಲ.

ಮರಿಕೋಪ ವೆಲ್ಸ್ ನಾನಿರುವ ಜಾಗದಿಂದ ದೂರವಿಲ್ಲ. ಅಲ್ಲಿ ಗೀಲಾ ನದಿಯ ದಂಡೆಯಲ್ಲಿ ಮೂಲನಿವಾಸಿಗಳಾದ ಪೀಮಾ ಮತ್ತು ಮರಿಕೋಪ ಜನ ಕಾಲುವೆ ತೋಡಿ ಬೇಸಾಯ ಮಾಡುತ್ತಿದ್ದರು. ಗೋಧಿ, ಮೆಕ್ಕೆಜೋಳ, ಕುಂಬಳ, ಹತ್ತಿ. ಅಲ್ಲಿಂದ ಪಶ್ಚಿಮಕ್ಕೆ ಗೀಲಾ ಬೆಂಡ್‌ವರೆಗೆ 40 ಮೈಲಿ ನೀರಿಲ್ಲ. ಆ ಹಾದಿಗೆ ಇಳಿಯುವ ಮುಂಚೆ ಜನಕ್ಕೆ ಊಟ, ಪ್ರಾಣಿಗೆ ಕಾಳು ಸಿಗುತ್ತಿದ್ದದ್ದು ಇವರ ಹೊಲದಿಂದ. ಟಪಾಲು ಕಂಪನಿಗೆ ಇವರು ಮಾರಿದ ಗೋಧಿ ಸಣ್ಣ ಪ್ರಮಾಣದ್ದಲ್ಲ. ಈ ರೈತರು ಇಲ್ಲದಿದ್ದರೆ 25 ದಿನದ ಒಪ್ಪಂದ ಕಾಗದದಲ್ಲೇ ಉಳಿಯುತ್ತಿತ್ತು.

ಅವರಿಗೆ ಸಿಕ್ಕಿದ್ದೇನು? 1870ರ ನಂತರ ಮೇಲ್ಗಡೆ ಬಂದು ನೆಲೆಸಿದವರು ಗೀಲಾ ನೀರನ್ನು ತಿರುಗಿಸಿಕೊಂಡರು. ಹೊಲ ಒಣಗಿತು. ಊರಿಗೆಲ್ಲ ಗೋಧಿ ಕೊಟ್ಟ ಜನ ಹಸಿವು ಕಂಡರು. ನೀರಿನ ಹಕ್ಕಿಗಾಗಿ ತಲೆಮಾರುಗಟ್ಟಲೆ ಹೋರಾಡಿ, ಕೊನೆಗೆ 2004ರ ಕಾನೂನಿನಲ್ಲಿ ಅವರ ಗೀಲಾ ರಿವರ್ ಸಮುದಾಯಕ್ಕೆ ಪಾಲು ಸಿಕ್ಕಿತು. ನಾನು ನಾಲೆ ಕೊನೆಯ ಹೊಲದ ಮನೆಯಲ್ಲಿ ಬೆಳೆದವನು. ಮೇಲಿನವರು ತೂಬು ಮುಚ್ಚಿದರೆ ಕೆಳಗಿನವರಿಗೆ ಏನಾಗುತ್ತದೆ ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಎಲ್ ಪಾಸೊ ಕನ್ನಡತಿ
ನೀವು ಬರೆದದ್ದು ಓದಿ ಸುಮ್ಮನೆ ಕೂತಿದ್ದೆ. ಧನ್ಯವಾದ.

ನಿವೃತ್ತ ಮೇಷ್ಟ್ರು
ಅಪಾಚೆ ಪಾಸ್‌ನದ್ದೂ ಇದೇ ಕಥೆ. ಆ ಒರತೆ ಚಿರಿಕಾವಾ ಅಪಾಚೆಗಳದ್ದು. ಎರಡು ವರ್ಷಕ್ಕೂ ಮೀರಿ ಅವರ ನಾಯಕ ಕೊಚೀಸ್ ಗಾಡಿಗಳನ್ನು ಹಾದುಹೋಗಲು ಬಿಟ್ಟಿದ್ದ. 1861ರ ಜನವರಿಯಲ್ಲಿ ಬೇರೆ ಅಪಾಚೆ ಗುಂಪೊಂದು ಜಾನ್ ವಾರ್ಡ್ ಅನ್ನುವವನ ಹೊಲಮನೆಯಿಂದ ಹುಡುಗನೊಬ್ಬನನ್ನು ಎತ್ತಿಕೊಂಡು ಹೋಯಿತು. ಲೆಫ್ಟಿನೆಂಟ್ ಜಾರ್ಜ್ ಬ್ಯಾಸ್ಕಮ್ ಬಂದು ಕೊಚೀಸ್‌ನನ್ನು ಮಾತಿಗೆ ಕರೆದ. ಹೆಂಡತಿ, ಮಕ್ಕಳು, ತಮ್ಮನನ್ನು ಕರೆದುಕೊಂಡೇ ಆತ ಬಂದ. ಜಗಳಕ್ಕೆ ಬರುವವನು ಮನೆಮಂದಿ ಕರೆತರುತ್ತಾನಾ? ನಾನಲ್ಲ ಅಂದರೂ ಬ್ಯಾಸ್ಕಮ್ ನಂಬಲಿಲ್ಲ. ಕೊಚೀಸ್ ಡೇರೆ ಸೀಳಿಕೊಂಡು ಪಾರಾದ. ಆಮೇಲೆ ಎರಡೂ ಕಡೆ ಒತ್ತೆಯಾಳು. ಸ್ಟೇಷನ್‌ನ ಜೇಮ್ಸ್ ವಾಲೆಸ್ ಸಿಕ್ಕಿಬಿದ್ದ. ಕೊಚೀಸ್ ಕೈಗೆ ಸಿಕ್ಕ ಒತ್ತೆಯಾಳುಗಳೂ ಸತ್ತರು, ಸೈನ್ಯ ಹಿಡಿದ ಕೊಚೀಸ್‌ನ ತಮ್ಮ ಮತ್ತು ಸೋದರಳಿಯಂದಿರನ್ನು ಗಲ್ಲಿಗೆ ಹಾಕಿದರು. ಅಲ್ಲಿಂದ 1872ರವರೆಗೆ ಯುದ್ಧ.

ನಕ್ಷೆಪ್ರಿಯೆ
ಅಷ್ಟರಲ್ಲಿ ಟಪಾಲೂ ನಿಂತಿತ್ತು ಅಲ್ವಾ. ಅದೇ 1861ರ ಫೆಬ್ರವರಿಯಲ್ಲಿ ಟೆಕ್ಸಸ್ ಅಮೆರಿಕದ ಒಕ್ಕೂಟ ಬಿಟ್ಟಿತು, ಮಾರ್ಚ್‌ನಲ್ಲಿ ಕಾಂಗ್ರೆಸ್ ದಾರಿಯನ್ನು ಮಧ್ಯಕ್ಕೆ ಸರಿಸಿತು. ಜುಲೈಯಿಂದ ಅಲ್ಲಿ ದಿನನಿತ್ಯದ ಟಪಾಲು. ಹಿಮ ಇದ್ದ ಅದೇ ದಾರಿ ಮೇಷ್ಟ್ರೇ.

ನಿವೃತ್ತ ಮೇಷ್ಟ್ರು
ಹೌದು ಮೇಡಂ, ಅದು ನಿಮ್ಮ ಪಾಲಿಗೆ. ದಾರಿ ಸರಿಸಿದ್ದು ಉತ್ತರ-ದಕ್ಷಿಣದ ಅಂತರ್ಯುದ್ಧ, ಹಿಮವಲ್ಲ. ಆದರೆ ಒರತೆಗಳ ಮಾತನ್ನು ನಾನು ಬಿಡುವುದಿಲ್ಲ.

ಸ್ಯಾನ್ ಡಿಯಾಗೊ ಟ್ರೆಕ್ಕರ್
ಹೋಗಿ ನೋಡುವವರಿಗೆ ಒಂದು ಮಾತು. 2023ರ ಜನವರಿಯಲ್ಲಿ ಇದನ್ನು ನ್ಯಾಷನಲ್ ಹಿಸ್ಟಾರಿಕ್ ಟ್ರೇಲ್ ಅಂತ ಘೋಷಿಸಿದ್ದಾರೆ. ಬೇಸಿಗೆಯಲ್ಲಿ ಮಾತ್ರ ಹೋಗಬೇಡಿ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಒಬ್ಬೊಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು ಕಾರಿನಲ್ಲಿ ಇರಲಿ. ಪಾಳು ಗೋಡೆಗಳ ಕಲ್ಲು ಮುಟ್ಟಿ ಕದಲಿಸಬೇಡಿ.

ಟೂಸಾನ್ ವಾಸಿ
ನಾಲ್ಕು ದಿನ ಆಫೀಸ್ ಕೆಲಸದಲ್ಲಿ ಇತ್ತ ಬರಲಾಗಲಿಲ್ಲ. ಈಗ ಎಲ್ಲವನ್ನೂ ಎರಡು ಸಲ ಓದಿದೆ. "ನೀರೇ ಇಲ್ಲದ ಕಡೆ" ಅಂತ ಬರೆದದ್ದು ನನ್ನ ತಪ್ಪು. ನಕ್ಷೆಯನ್ನು ಗೋಡೆಗೆ ಅಂಟಿಸಿದ್ದೇನೆ. ಮಗಳು ನೀಲಿ ಪೆನ್ನು ಹಿಡಿದು ನೀವು ಹೇಳಿದ ಒಂದೊಂದು ಒರತೆ, ಬಾವಿಗೂ ಚುಕ್ಕೆ ಇಡುತ್ತಿದ್ದಾಳೆ. ಪೆಕೋಸ್‌ಗೆ ಮಾತ್ರ ಬೇರೆ ಬಣ್ಣ, ಅದು ಉಪ್ಪುನೀರು ಅಂತ ಅವಳೇ ತೀರ್ಮಾನ ಮಾಡಿದಳು.

ಡಿಸೆಂಬರ್ ರಜೆಯಲ್ಲಿ ಪಶ್ಚಿಮದ ಕಡೆ ಹೊರಟಿದ್ದೇವೆ, ವಯೆಸೀಟೊವರೆಗೆ. ಫೀನಿಕ್ಸ್ ಸರ್, ಮರಿಕೋಪ ವೆಲ್ಸ್ ಇರುವುದು ಗೀಲಾ ರಿವರ್ ಸಮುದಾಯದ ನೆಲದಲ್ಲಿ ಅಲ್ವಾ? ಅವರನ್ನು ಮೊದಲು ಕೇಳಿಕೊಂಡೇ ಹೋಗಬೇಕು ಅಂತಿದ್ದೇನೆ. ನೀವೂ ಜೊತೆಗೆ ಬನ್ನಿ.

ಫೀನಿಕ್ಸ್ ರೈತನ ಮಗ
ಹೌದು, ಅವರ ನೆಲವೇ. ಕೇಳಿಯೇ ಹೋಗೋಣ. ತಾರೀಖು ಹೇಳಿ, ಬರುತ್ತೇನೆ.

ಹಾಸನದ ಅಕ್ಕ, ಡಲ್ಲಾಸ್
ಆ ನೀಲಿ ಚುಕ್ಕೆ ನಕ್ಷೆಯ ಫೋಟೊ ಹಾಕಿ, ಮರೀಬೇಡಿ.